ಆಸ್ಟ್ರೇಲಿಯಾದ ಕುಶಲ ವಲಸೆ ವೀಸಾ ತಡವಾದಾಗ: ಕಾಯುವವರಿಗೊಂದು ಕೈಪಿಡಿ

ಆಸ್ಟ್ರೇಲಿಯಾದ ಕುಶಲ ವಲಸೆ ವೀಸಾಕ್ಕೆ ಅರ್ಜಿ ಸಲ್ಲಿಸಿ, ಲಕ್ಷಗಟ್ಟಲೆ ರೂಪಾಯಿ ಶುಲ್ಕ ಕಟ್ಟಿದ ಮೇಲೆ ಅರ್ಜಿದಾರರಿಗೆ ನೋಡಲು ಉಳಿಯುವುದು ಅಲ್ಲಿನ ಗೃಹ ವ್ಯವಹಾರಗಳ ಇಲಾಖೆಯ ಆನ್‌ಲೈನ್ ಖಾತೆಯಾದ ಇಮ್ಮಿಅಕೌಂಟಿನಲ್ಲಿ ಕಾಣುವ ‘ರಿಸೀವ್ಡ್’ ಎಂಬ ಒಂದು ಪದ ಮಾತ್ರ. ಆ ಪದ ತಿಂಗಳುಗಟ್ಟಲೆ, ಕೆಲವರಿಗೆ ವರ್ಷ ಕಳೆದರೂ ಬದಲಾಗುವುದಿಲ್ಲ. ಅಷ್ಟರಲ್ಲಿ ಮನೆಯ ಬಾಡಿಗೆ ಕರಾರನ್ನು ಮತ್ತೆ ಹನ್ನೊಂದು ತಿಂಗಳಿಗೆ ಮಾಡಿಸಬೇಕೋ ಬೇಡವೋ, ಮಗುವಿಗೆ ಮುಂದಿನ ವರ್ಷದ ಶಾಲಾ ಶುಲ್ಕ ಕಟ್ಟಬೇಕೋ ಬೇಡವೋ, ಕಚೇರಿಯಲ್ಲಿ ಬಂದ ಬಡ್ತಿಯನ್ನು ಒಪ್ಪಿಕೊಳ್ಳಬೇಕೋ ಬೇಡವೋ ಎಂಬ ಪ್ರಶ್ನೆಗಳು ಮನೆಯೊಳಗೆ ಬೆಳೆಯುತ್ತ ಹೋಗುತ್ತವೆ. ಅಂಕಪದ್ಧತಿಯ ಮೇಲೆ ನಡೆಯುವ ಮೂರು ವೀಸಾಗಳ, ಅಂದರೆ ಯಾರ ನಾಮನಿರ್ದೇಶನವೂ ಬೇಡದ 189, ರಾಜ್ಯದ ನಾಮನಿರ್ದೇಶನ ಬೇಕಾದ 190 ಮತ್ತು ಅತಿದೊಡ್ಡ ನಗರಗಳ ಹೊರಗಿನ ಪ್ರಾದೇಶಿಕ ಭಾಗಗಳಿಗೆ ಕೊಡುವ ತಾತ್ಕಾಲಿಕ 491ರ, ಅರ್ಜಿ ಸಲ್ಲಿಸಿ ಕಾಯುತ್ತಿರುವವರಿಗೆ ಈ ಬರಹ ಉದ್ದೇಶಿತವಾಗಿದೆ.

ತಡ ಎಂದು ನಾವು ಒಂದೇ ಮಾತಿನಲ್ಲಿ ಹೇಳುವುದರಲ್ಲಿ ಎರಡು ಬೇರೆ ಸಂಗತಿಗಳಿವೆ. ಒಂದು ಸರತಿಯ ತಡ; ಅದು ಸರ್ಕಾರದ ನೀತಿ ಮತ್ತು ವರ್ಷದ ಸ್ಥಾನಸಂಖ್ಯೆಯಿಂದ ಹುಟ್ಟುತ್ತದೆ, ಅದರ ಮೇಲೆ ಅರ್ಜಿದಾರನಿಗೆ ಹಿಡಿತವಿಲ್ಲ. ಇನ್ನೊಂದು ಕಡತದ ತಡ. ನಿಮ್ಮ ಸರದಿ ಬಂದು ಅಧಿಕಾರಿ ಕಡತ ತೆರೆದಾಗ ಅದರಲ್ಲಿ ಏನೋ ಕೊರತೆ ಕಂಡು ಅದು ಮತ್ತೆ ಪಕ್ಕಕ್ಕೆ ಸರಿಯುವುದರಿಂದ ಆಗುವಂಥದ್ದು. ಮೊದಲನೆಯದಕ್ಕಾಗಿ ಕೊರಗುವುದರಲ್ಲಿ ಕಳೆಯುವ ಸಮಯವನ್ನು ಎರಡನೆಯದನ್ನು ತಪ್ಪಿಸುವುದಕ್ಕೆ ಬಳಸಬೇಕು ಎಂಬುದೇ ನಾನು ಇಲ್ಲಿ ಹೇಳಹೊರಟಿರುವ ಮುಖ್ಯ ಮಾತು.

ಆಹ್ವಾನಕ್ಕೆ ಮೊದಲೋ, ನಂತರವೋ

ನೀವು ಕಾಯುತ್ತಿರುವುದು ಯಾವ ಹಂತದಲ್ಲಿ ಎಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಿ. 2012ರ ಜುಲೈಯಲ್ಲಿ ಸ್ಕಿಲ್‌ಸೆಲೆಕ್ಟ್ ವ್ಯವಸ್ಥೆ ಬಂದ ಮೇಲೆ ಯಾರೂ ನೇರವಾಗಿ ಈ ವೀಸಾಗಳಿಗೆ ಅರ್ಜಿ ಹಾಕುವಂತಿಲ್ಲ. ಮೊದಲು ಆಸಕ್ತಿ ಸೂಚಿಸುವ ಇಒಐ ಸಲ್ಲಿಸಬೇಕು, ಆಹ್ವಾನ ಬಂದರೆ 60 ದಿನಗಳೊಳಗೆ ನಿಜವಾದ ಅರ್ಜಿ ಹಾಕಬೇಕು. ಇಒಐ ಎರಡು ವರ್ಷ ಮಾತ್ರ ಜೀವಂತವಾಗಿರುತ್ತದೆ. ಅದು ಅರ್ಜಿಯಲ್ಲ, ಅದಕ್ಕೆ ಉತ್ತರ ಕೊಡಬೇಕಾದ ಹೊಣೆಯೂ ಇಲಾಖೆಗಿಲ್ಲ. ಹೀಗಾಗಿ ಇಒಐ ಹಾಕಿ ವರ್ಷವಾಯಿತು ಎನ್ನುವವರು ‘ನನ್ನ ವೀಸಾ ತಡವಾಗಿದೆ’ ಎಂದು ದೂರು ಬರೆಯುವುದರಲ್ಲಿ ಅರ್ಥವಿಲ್ಲ. ಆ ಹಂತದಲ್ಲಿ ಕಾಲ ನಿಮ್ಮ ವಿರುದ್ಧ ಓಡುತ್ತಿರುತ್ತದೆ. 33 ತುಂಬಿದ ದಿನ ವಯಸ್ಸಿನ ಅಂಕ 30ರಿಂದ 25ಕ್ಕೆ ಇಳಿಯುತ್ತದೆ, 40 ತುಂಬಿದರೆ 15ಕ್ಕೆ ಬೀಳುತ್ತದೆ, 45 ತುಂಬಿದರೆ ಬಾಗಿಲೇ ಮುಚ್ಚುತ್ತದೆ. ಐಇಎಲ್‌ಟಿಎಸ್ ಅಥವಾ ಪಿಟಿಇ ಎಂಬ ಇಂಗ್ಲಿಷ್ ಪರೀಕ್ಷೆಯ ಫಲಿತಾಂಶ ಆಹ್ವಾನದ ದಿನಕ್ಕೆ ಮೂರು ವರ್ಷದೊಳಗಿನದಾಗಿರಬೇಕು, ಕೌಶಲ ಮೌಲ್ಯಮಾಪನವೂ ಆ ದಿನ ಚಾಲ್ತಿಯಲ್ಲಿರಬೇಕು. ಐಟಿ ಉದ್ಯೋಗಗಳನ್ನು ಮೌಲ್ಯಮಾಪನ ಮಾಡುವ ಎಸಿಎಸ್ ಸಂಸ್ಥೆಯ ಪತ್ರಕ್ಕೆ ಎರಡೇ ವರ್ಷದ ಆಯುಸ್ಸು ಎಂಬುದನ್ನು ನಮ್ಮ ಕಡೆಯವರು ಮರೆಯುವುದು ಹೆಚ್ಚು. ಕನಿಷ್ಠ ಅರ್ಹತೆ 65 ಅಂಕ ಎಂದು ನಿಯಮ ಹೇಳಿದರೂ 65ಕ್ಕೆ ಆಹ್ವಾನ ಬರುವ ಉದ್ಯೋಗಗಳು ಬಹಳ ಕಡಿಮೆ. ಆದ್ದರಿಂದ ಈ ಹಂತದಲ್ಲಿ ಕಾಯುವುದಕ್ಕಿಂತ ಅಂಕ ಹೆಚ್ಚಿಸಿಕೊಳ್ಳುವುದು, ಐದು ಅಂಕ ಕೊಡುವ ರಾಜ್ಯದ ನಾಮನಿರ್ದೇಶನವನ್ನೋ 15 ಅಂಕ ಕೊಡುವ ಪ್ರಾದೇಶಿಕ ನಾಮನಿರ್ದೇಶನವನ್ನೋ ಹುಡುಕುವುದು ಜಾಣತನ.

ಆಹ್ವಾನ ಬಂದ ದಿನಕ್ಕೆ ಲೆಕ್ಕ ನಿಲ್ಲುತ್ತದೆ. ಆ ದಿನದ ವಯಸ್ಸು, ಆ ದಿನದ ಅಂಕ, ಆ ದಿನ ಚಾಲ್ತಿಯಲ್ಲಿದ್ದ ಭಾಷಾ ಪರೀಕ್ಷೆ ಮತ್ತು ಮೌಲ್ಯಮಾಪನ ಇವೇ ಮುಂದಿನ ತೀರ್ಮಾನಕ್ಕೆ ಆಧಾರ. ಅರ್ಜಿ ಹಾಕಿದ ಮೇಲೆ ನಿಮಗೆ 40 ತುಂಬಿದರೂ, ಪಿಟಿಇ ಅವಧಿ ಮುಗಿದರೂ ಅಂಕ ಕಡಿಮೆಯಾಗುವುದಿಲ್ಲ. ಇದನ್ನು ತಿಳಿಯದೆ ಅರ್ಜಿ ಹಾಕಿದ ನಂತರ ಮತ್ತೆ ಪರೀಕ್ಷೆ ಬರೆದು ಹಣ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ.

ಸರತಿ ನೇರವಾಗಿಲ್ಲ

ರೇಷನ್ ಅಂಗಡಿಯ ಸಾಲಿನ ಹಾಗೆ ಮೊದಲು ಬಂದವರಿಗೆ ಮೊದಲು ಎಂಬ ಕಲ್ಪನೆಯನ್ನು ಇಲ್ಲಿ ಬಿಟ್ಟುಬಿಡಬೇಕು. ಆಸ್ಟ್ರೇಲಿಯಾದ 1958ರ ವಲಸೆ ಕಾಯ್ದೆಯ 51ನೆಯ ವಿಧಿ, ಅರ್ಜಿಗಳನ್ನು ತಮಗೆ ಸೂಕ್ತವೆನಿಸಿದ ಕ್ರಮದಲ್ಲಿ ಪರಿಶೀಲಿಸುವ ಅಧಿಕಾರವನ್ನು ಸಚಿವರಿಗೆ ಕೊಡುತ್ತದೆ. ಆ ಕ್ರಮವನ್ನು ಅಧಿಕಾರಿಗಳಿಗೆ ತಿಳಿಸುವುದು 499ನೆಯ ವಿಧಿಯ ಕೆಳಗೆ ಹೊರಡಿಸುವ ಸಚಿವರ ನಿರ್ದೇಶನದ ಮೂಲಕ. 2023ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ 105ನೆಯ ನಿರ್ದೇಶನದ ಪ್ರಕಾರ ಮೊದಲ ಸ್ಥಾನ ಪ್ರಾದೇಶಿಕ ಭಾಗಗಳಲ್ಲಿ ಉದ್ಯೋಗದಾತರು ಪ್ರಾಯೋಜಿಸಿದ ಅರ್ಜಿಗಳಿಗೆ. ಎರಡನೆಯದು ಆರೋಗ್ಯ ಮತ್ತು ಬೋಧನೆಯ ಉದ್ಯೋಗಗಳಿಗೆ, ಮೂರನೆಯದು ವಿಶೇಷ ಮಾನ್ಯತೆ ಪಡೆದ ಉದ್ಯೋಗದಾತರ ಅರ್ಜಿಗಳಿಗೆ, ನಾಲ್ಕನೆಯದು ಪ್ರಾದೇಶಿಕ ಭಾಗದಲ್ಲಿ ಮಾಡುವ ಕೆಲಸಗಳಿಗೆ. ವರ್ಷದ ವಲಸೆ ಲೆಕ್ಕಕ್ಕೆ ಸೇರುವ ಉಳಿದ ಕಾಯಂ ಹಾಗೂ ತಾತ್ಕಾಲಿಕ ವೀಸಾಗಳು ಬರುವುದು ಐದನೆಯ ಸ್ಥಾನದಲ್ಲಿ.

ಇದನ್ನು ನಮ್ಮ ಮನೆಗಳಿಗೆ ಹೊಂದಿಸಿ ನೋಡಿ. ಮಂಗಳೂರಿನಲ್ಲಿ ನರ್ಸಿಂಗ್ ಓದಿ 189ಕ್ಕೆ ಅರ್ಜಿ ಹಾಕಿದವರು ಎರಡನೆಯ ಸಾಲಿನಲ್ಲಿದ್ದಾರೆ. ಅದೇ ವಾರ, ಅದೇ 189ಕ್ಕೆ ಅರ್ಜಿ ಹಾಕಿದ ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರ್ ಐದನೆಯ ಸಾಲಿನಲ್ಲಿದ್ದಾರೆ. ಒಬ್ಬರಿಗೆ ಬೇಗ ಗ್ರ್ಯಾಂಟ್, ಅಂದರೆ ವೀಸಾ ಮಂಜೂರಾತಿ, ಬಂದು ಇನ್ನೊಬ್ಬರಿಗೆ ಬಾರದಿದ್ದರೆ ಅದರಲ್ಲಿ ಕಡತದ ದೋಷವೂ ಇಲ್ಲ, ಅಧಿಕಾರಿಯ ಪಕ್ಷಪಾತವೂ ಇಲ್ಲ. ಪರಿಚಿತರ ದಿನಾಂಕದೊಂದಿಗೆ ನಿಮ್ಮ ದಿನಾಂಕವನ್ನು ಹೋಲಿಸುವ ಮೊದಲು ಅವರ ಉದ್ಯೋಗ, ವೀಸಾದ ಸಂಖ್ಯೆ ಮತ್ತು ನಾಮನಿರ್ದೇಶನ ಈ ಮೂರನ್ನೂ ಕೇಳಿ. ಮೂರೂ ಒಂದೇ ಆಗಿಲ್ಲದಿದ್ದರೆ ಹೋಲಿಕೆಗೆ ಬೆಲೆಯಿಲ್ಲ.

ಎರಡನೆಯ ಕಾರಣ ಸ್ಥಾನಗಳ ಸಂಖ್ಯೆ. ಆಸ್ಟ್ರೇಲಿಯಾ ಪ್ರತಿ ವರ್ಷ ಜುಲೈ 1ರಿಂದ ಜೂನ್ 30ರವರೆಗಿನ ಅವಧಿಗೆ ಇಷ್ಟು ಸ್ಥಾನಗಳೆಂದು ನಿಗದಿಪಡಿಸುತ್ತದೆ. 189ಕ್ಕೆ 2022-23ರಲ್ಲಿ 32,100 ಸ್ಥಾನಗಳಿದ್ದವು, 2024-25ರಲ್ಲಿ ಅದು 16,900ಕ್ಕೆ ಇಳಿಯಿತು. ಈ ಲೆಕ್ಕದಲ್ಲಿ ಅರ್ಜಿದಾರನಷ್ಟೇ ಅಲ್ಲ, ಜೊತೆಗಿರುವ ಪತ್ನಿ ಅಥವಾ ಪತಿ ಮತ್ತು ಮಕ್ಕಳೂ ಸೇರುತ್ತಾರೆ. ನಾಲ್ವರ ಕುಟುಂಬಕ್ಕೆ ನಾಲ್ಕು ಸ್ಥಾನ ಖರ್ಚಾಗುತ್ತದೆ. ಹಿಂದಿನ ವರ್ಷ ಧಾರಾಳವಾಗಿ ಆಹ್ವಾನ ಪಡೆದವರು ಅರ್ಜಿ ಹಾಕಿ ಕುಳಿತಿರುವಾಗ ಮುಂದಿನ ವರ್ಷದ ಸ್ಥಾನಗಳು ಅರ್ಧವಾದರೆ, ಕಡತ ಎಷ್ಟೇ ಚೊಕ್ಕಟವಾಗಿದ್ದರೂ ಅದು ಜುಲೈ ದಾಟಿ ಕಾಯಬೇಕಾಗುತ್ತದೆ. ಮೇ, ಜೂನ್ ತಿಂಗಳುಗಳಲ್ಲಿ ಗ್ರ್ಯಾಂಟ್‌ಗಳು ವಿರಳವಾದರೆ ಗಾಬರಿಯಾಗುವ ಮೊದಲು ಇದನ್ನು ನೆನೆಯಿರಿ.

ಹಳೆಯ ಬಾಕಿಯ ಪಾಠವೂ ಇದೆ. ಕೋವಿಡ್ ಕಾರಣಕ್ಕೆ 2020ರ ಮಾರ್ಚ್ 20ರಂದು ಮುಚ್ಚಿದ ಗಡಿ ಲಸಿಕೆ ಪೂರ್ಣಗೊಳಿಸಿದ ವೀಸಾದಾರರೆಲ್ಲರಿಗೂ ತೆರೆದದ್ದು 2022ರ ಫೆಬ್ರವರಿ 21ರಂದು. ಆ ವರ್ಷದ ನಡುವಿಗೆ ಎಲ್ಲ ಬಗೆಯ ವೀಸಾಗಳೂ ಸೇರಿ ಹತ್ತು ಲಕ್ಷದ ಆಸುಪಾಸಿನಲ್ಲಿ ಅರ್ಜಿಗಳು ಬಾಕಿಯಿದ್ದವು. ಸೆಪ್ಟೆಂಬರ್‌ನಲ್ಲಿ ಕ್ಯಾನ್‌ಬೆರಾದಲ್ಲಿ ನಡೆದ ಉದ್ಯೋಗ ಮತ್ತು ಕೌಶಲ ಶೃಂಗಸಭೆಯ ಹೊತ್ತಿಗೆ ಸರ್ಕಾರ 3.61 ಕೋಟಿ ಡಾಲರ್ ಕೊಟ್ಟು 500 ಮಂದಿ ಹೆಚ್ಚುವರಿ ಸಿಬ್ಬಂದಿಯನ್ನು ನೇಮಿಸುವುದಾಗಿ ಪ್ರಕಟಿಸಬೇಕಾಯಿತು. ಸಿಬ್ಬಂದಿ ಹೆಚ್ಚಿದರೆ ಪರಿಶೀಲನೆ ಬೇಗ ಆಗಬಹುದು. ಆದರೆ ವರ್ಷದ ಸ್ಥಾನಗಳು ಹೆಚ್ಚದಿದ್ದರೆ ಕಾಯಂ ವೀಸಾದ ಸರತಿ ಅದರಿಂದ ಮಾತ್ರ ಕರಗದು.

ಇಲಾಖೆ ಪ್ರಕಟಿಸುವ ಅವಧಿಯನ್ನು ಓದುವ ಬಗೆ

ಗೃಹ ವ್ಯವಹಾರಗಳ ಇಲಾಖೆ ತನ್ನ ಜಾಲತಾಣದಲ್ಲಿ ಪ್ರತಿ ವೀಸಾಕ್ಕೂ ಶೇ 50ರಷ್ಟು ಮತ್ತು ಶೇ 90ರಷ್ಟು ಅರ್ಜಿಗಳು ಎಷ್ಟು ಕಾಲದಲ್ಲಿ ಇತ್ಯರ್ಥವಾದವು ಎಂಬ ಅಂಕಿಯನ್ನು ಕೊಡುತ್ತದೆ, ಆಗಾಗ ಬದಲಿಸುತ್ತದೆ. ಇದು ವಾಗ್ದಾನವಲ್ಲ, ಭವಿಷ್ಯವೂ ಅಲ್ಲ. ಇತ್ತೀಚೆಗೆ ತೀರ್ಮಾನವಾದ ಅರ್ಜಿಗಳನ್ನಷ್ಟೇ ಹಿಂತಿರುಗಿ ನೋಡಿ ಮಾಡಿದ ಲೆಕ್ಕ ಇದು. ಇನ್ನೂ ಬಾಕಿ ಇರುವ ನಿಮ್ಮ ಅರ್ಜಿ ಅದರಲ್ಲಿ ಎಲ್ಲೂ ಇಲ್ಲ. ಒಂದು ತಿಂಗಳು ಅಧಿಕಾರಿಗಳು ಹೊಸದಾಗಿ ಬಂದ ಆರೋಗ್ಯ ಕ್ಷೇತ್ರದ ಅರ್ಜಿಗಳನ್ನೇ ಹೆಚ್ಚು ಮುಗಿಸಿದರೆ ಅಂಕಿ ಇಳಿಯುತ್ತದೆ. ಮುಂದಿನ ತಿಂಗಳು ಎರಡು ವರ್ಷ ಹಳೆಯ ಕಡತಗಳನ್ನು ಕೈಗೆತ್ತಿಕೊಂಡರೆ ಅಂಕಿ ಏರುತ್ತದೆ. ಹಳೆಯ ಅರ್ಜಿದಾರರ ಮಟ್ಟಿಗೆ ಅಂಕಿ ಏರಿದ್ದೇ ಒಳ್ಳೆಯ ಸುದ್ದಿಯಾಗಬಹುದು, ಏಕೆಂದರೆ ತಮ್ಮಂಥವರ ಕಡತಗಳು ಕೊನೆಗೂ ಅಲುಗಾಡುತ್ತಿವೆ ಎಂಬುದಕ್ಕೆ ಅದು ಸೂಚನೆ. ಆದರೂ ಈ ಅಂಕಿಯನ್ನು ಗುರುತು ಹಾಕಿಟ್ಟುಕೊಳ್ಳಿ. ಶೇ 90ರ ಗಡಿ ದಾಟುವವರೆಗೆ ಇಲಾಖೆಗೆ ಬರೆದರೆ ಸಿದ್ಧ ಉತ್ತರದ ಹೊರತು ಬೇರೇನೂ ಸಿಗುವುದಿಲ್ಲ.

‘ರಿಸೀವ್ಡ್’ ಎಂದಿದ್ದರೆ ಯಾರೂ ನೋಡಿಲ್ಲ ಎಂದೇ ಅರ್ಥವಲ್ಲ. ಆ ಸ್ಥಿತಿಯಿಂದಲೇ ಒಂದು ಬೆಳಗ್ಗೆ ನೇರವಾಗಿ ಗ್ರ್ಯಾಂಟ್ ಪತ್ರ ಬಂದವರಿದ್ದಾರೆ. ‘ಫರ್ದರ್ ಅಸೆಸ್‌ಮೆಂಟ್’ ಎಂದು ಬದಲಾದ ಮೇಲೂ ಹಲವು ತಿಂಗಳು ಕಾದವರಿದ್ದಾರೆ. ಭದ್ರತಾ ತಪಾಸಣೆ ಇಲಾಖೆಯ ಹೊರಗಿನ ಸಂಸ್ಥೆಗಳಿಂದ ನಡೆಯುವುದರಿಂದ, ಅದಕ್ಕೆ ಹೋದ ಕಡತ ಯಾವಾಗ ಮರಳುತ್ತದೆ ಎಂದು ವೀಸಾ ಅಧಿಕಾರಿಯೂ ಹೇಳಲಾರರು.

ಕಡತ ಎಲ್ಲಿ ಸಿಕ್ಕಿಬೀಳುತ್ತದೆ

ಅಧಿಕಾರಿಗೆ ಮತ್ತೊಮ್ಮೆ ದಾಖಲೆ ಕೇಳುವ ಅಗತ್ಯವೇ ಬಾರದಂತೆ ಕಡತವನ್ನು ಸಜ್ಜಾಗಿಡುವುದೇ ಕಾಯುವ ಕಾಲದ ನಿಜವಾದ ಕೆಲಸ. ದಾಖಲೆ ಕೇಳಿ ಪತ್ರ ಬಂದರೆ ಉತ್ತರಕ್ಕೆ ಸಾಮಾನ್ಯವಾಗಿ 28 ದಿನ ಕೊಡುತ್ತಾರೆ. ನೀವು ಎರಡೇ ದಿನದಲ್ಲಿ ಉತ್ತರಿಸಿದರೂ ಕಡತ ಮತ್ತೆ ಅಧಿಕಾರಿಯ ಮೇಜಿಗೆ ಬರುವುದು ಹಲವು ವಾರ ಅಥವಾ ತಿಂಗಳ ನಂತರ.

ಕನ್ನಡಿಗರ ಕಡತಗಳಲ್ಲಿ ತೊಡಕು ಹೆಚ್ಚಾಗಿ ಹೆಸರಿನಿಂದಲೇ ಶುರುವಾಗುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಕೆ. ಎಸ್.’ ಎಂದಿರುವವರು ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್‌ಗಳನ್ನು ಬಿಡಿಸಿ ಬರೆಯಬೇಕಾಗಿ ಬಂದು ‘ಕೆರೆಗೋಡು ಶಿವಣ್ಣ ಮಂಜುನಾಥ’ ಆಗುತ್ತಾರೆ. ಪದವಿ ಪ್ರಮಾಣಪತ್ರದಲ್ಲಿ ಬರೀ ‘ಮಂಜುನಾಥ್’, ಕಚೇರಿಯ ದಾಖಲೆಯಲ್ಲಿ ‘ಮಂಜುನಾಥ್ ಶಿವಣ್ಣ’. ಊರು, ಅಪ್ಪ, ಮಗ ಮೂವರೂ ಒಂದೇ ಹೆಸರಿನೊಳಗೆ ಇರುವ ನಮ್ಮ ಪದ್ಧತಿ ನಮಗೆ ಸಹಜ, ಆದರೆ ಕುಲನಾಮವನ್ನು ಹುಡುಕುವ ಅಧಿಕಾರಿಗೆ ಇವರು ನಾಲ್ಕು ಬೇರೆ ಬೇರೆ ವ್ಯಕ್ತಿಗಳಂತೆ ಕಾಣಬಹುದು. ಪರಿಹಾರ ಸರಳವಾಗಿದೆ. ಅರ್ಜಿಯಲ್ಲಿ ಹೆಸರನ್ನು ಪಾಸ್‌ಪೋರ್ಟಿನಲ್ಲಿ ಇರುವ ಹಾಗೆಯೇ ಬರೆದು, ಬೇರೆ ಹೆಸರುಗಳಿಂದ ಗುರುತಿಸಿಕೊಂಡಿದ್ದೀರಾ ಎಂಬ ಪ್ರಶ್ನೆಗೆ ‘ಹೌದು’ ಎಂದು ಉತ್ತರಿಸಿ, ಪ್ರತಿ ದಾಖಲೆಯ ಪ್ರತಿ ರೂಪವನ್ನೂ ಅಲ್ಲಿ ನಮೂದಿಸಬೇಕು. ಜೊತೆಗೆ ಇವರೆಲ್ಲರೂ ಒಬ್ಬರೇ ಎಂದು ನೋಟರಿಯ ಮುಂದೆ ಮಾಡಿಸಿದ ಅಫಿಡವಿಟ್ ಒಂದನ್ನು ಲಗತ್ತಿಸಬೇಕು. ಮದುವೆಯ ನಂತರ ಹೆಸರು ಬದಲಿಸಿಕೊಂಡ ಮಹಿಳೆಯರಿಗೆ ಇದು ಇನ್ನಷ್ಟು ಮುಖ್ಯ. ಕನ್ನಡದಲ್ಲಿರುವ ಜನನ ಪ್ರಮಾಣಪತ್ರ, ವಿವಾಹ ನೋಂದಣಿ ಪತ್ರಗಳಿಗೆ ಇಂಗ್ಲಿಷ್ ಅನುವಾದ ಬೇಕು. ಭಾರತದಲ್ಲಿ ಮಾಡಿಸಿದರೆ ಅನುವಾದಕರ ಹೆಸರು, ವಿಳಾಸ, ಅರ್ಹತೆ ಅದರಲ್ಲಿ ಬರೆದಿರಬೇಕು.

ಹೆಸರಿನ ನಂತರ ಉದ್ಯೋಗದ ಪುರಾವೆ. ಬೆಂಗಳೂರಿನ ದೊಡ್ಡ ಕಂಪನಿಗಳು ಹಲವೊಮ್ಮೆ ರಿಲೀವಿಂಗ್ ಪತ್ರದಲ್ಲಿ ಸೇರಿದ ದಿನ, ಬಿಟ್ಟ ದಿನ ಮತ್ತು ಹುದ್ದೆಯನ್ನಷ್ಟೇ ಬರೆದುಕೊಡುತ್ತವೆ. ಮಾಡಿದ ಕೆಲಸದ ವಿವರ ಅದರಲ್ಲಿರುವುದಿಲ್ಲ. ಆ ವಿವರವನ್ನು ಹಳೆಯ ಮ್ಯಾನೇಜರ್ ಅಥವಾ ಸಹೋದ್ಯೋಗಿ ಪ್ರಮಾಣೀಕರಿಸಿದ ಹೇಳಿಕೆಯಿಂದ ತುಂಬಿಸಿ, ಅದಕ್ಕೆ ಬೆಂಬಲವಾಗಿ ಫಾರ್ಮ್ 16, ಪಿಎಫ್ ಪಾಸ್‌ಬುಕ್, ಸಂಬಳದ ಚೀಟಿ ಮತ್ತು ಸಂಬಳ ಜಮೆಯಾದ ಬ್ಯಾಂಕ್ ಸ್ಟೇಟ್‌ಮೆಂಟ್ ಕೊಡಬೇಕು. ಈ ನಾಲ್ಕರಲ್ಲೂ ದಿನಾಂಕಗಳು ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂದು ನೀವೇ ಒಮ್ಮೆ ಪರಿಶೀಲಿಸಿ. ಅಧಿಕಾರಿಗಳು ಕೆಲವೊಮ್ಮೆ ಹಳೆಯ ಕಂಪನಿಗೆ ಕರೆ ಮಾಡಿಯೋ ಇಮೇಲ್ ಕಳಿಸಿಯೋ ವಿಚಾರಿಸುತ್ತಾರೆ. ನಿಮ್ಮ ಪತ್ರದ ಮೇಲಿರುವ ದೂರವಾಣಿ ಸಂಖ್ಯೆ ಕಂಪನಿ ಕೋರಮಂಗಲದಲ್ಲಿದ್ದ ಕಾಲದ್ದಾಗಿದ್ದು, ಈಗ ಅದು ವೈಟ್‌ಫೀಲ್ಡಿಗೆ ಹೋಗಿದ್ದರೆ, ಅಥವಾ ಬೇರೊಂದು ಕಂಪನಿಯಲ್ಲಿ ವಿಲೀನವಾಗಿದ್ದರೆ ಆ ಕರೆಗೆ ಉತ್ತರಿಸುವವರಿರುವುದಿಲ್ಲ. ಈಗಿನ ಎಚ್‌ಆರ್ ವಿಭಾಗದ ವಿಳಾಸವನ್ನು ಪತ್ತೆಹಚ್ಚಿ, ಕಂಪನಿಯ ಹೆಸರು ಬದಲಾದ ದಾಖಲೆಯೊಂದಿಗೆ ಇಮ್ಮಿಅಕೌಂಟಿಗೆ ಸೇರಿಸಿ. ತೀರ್ಮಾನವಾಗುವವರೆಗೆ ಯಾವಾಗ ಬೇಕಾದರೂ ಹೆಚ್ಚಿನ ದಾಖಲೆ ಸೇರಿಸುವ ಹಕ್ಕು ನಿಮಗಿದೆ, ಹಾಗೆ ಬಂದುದನ್ನು ಅಧಿಕಾರಿ ಗಮನಿಸಲೇಬೇಕು.

ಮೂರನೆಯದು ಪೊಲೀಸ್ ಕ್ಲಿಯರೆನ್ಸ್, ಅಂದರೆ ಪಿಸಿಸಿ. 16 ವರ್ಷ ತುಂಬಿದ ನಂತರ, ಕಳೆದ 10 ವರ್ಷಗಳಲ್ಲಿ ಒಟ್ಟು 12 ತಿಂಗಳು ಅಥವಾ ಹೆಚ್ಚು ಕಾಲ ಇದ್ದ ಪ್ರತಿ ದೇಶದಿಂದಲೂ ಇದು ಬೇಕು. ಒಟ್ಟು ಎಂಬ ಪದವನ್ನು ಗಮನಿಸಿ: ಅಮೆರಿಕದ ಆನ್‌ಸೈಟ್ ಕೆಲಸಕ್ಕೆ ಒಮ್ಮೆ ಐದು ತಿಂಗಳು, ಇನ್ನೊಮ್ಮೆ ಎಂಟು ತಿಂಗಳು ಹೋಗಿಬಂದಿದ್ದರೆ ಎಫ್‌ಬಿಐ ಪತ್ರ ತರಿಸಲೇಬೇಕು. ಅದಕ್ಕೆ ಬೆರಳಚ್ಚು ಕೊಡಬೇಕಾದ್ದರಿಂದ ಕೇಳಿದ ಮೇಲೆ ಓಡಾಡುವುದಕ್ಕಿಂತ ಮೊದಲೇ ಮಾಡಿಸುವುದು ಲೇಸು. ಭಾರತದ ಪಿಸಿಸಿಯನ್ನು ಪಾಸ್‌ಪೋರ್ಟ್ ಸೇವಾ ಮೂಲಕವೇ ಪಡೆಯಬೇಕು. ಖಾಸಗಿ ಕೆಲಸಕ್ಕೆಂದು ರಾಜ್ಯ ಪೊಲೀಸರಿಂದ ಪಡೆಯುವ ನಡತೆ ಪತ್ರ ಇದಕ್ಕೆ ಸಾಲದು. ಪಾಸ್‌ಪೋರ್ಟಿನಲ್ಲಿ ಊರಿನ ವಿಳಾಸವಿದ್ದು ವಾಸ ಬೆಂಗಳೂರಿನಲ್ಲಿದ್ದರೆ ಪರಿಶೀಲನೆ ಎರಡು ಠಾಣೆಗಳ ನಡುವೆ ಸಿಲುಕಬಹುದು, ಆದ್ದರಿಂದ ಈಗಿನ ವಿಳಾಸದ ಪುರಾವೆಯನ್ನು ಸಿದ್ಧವಾಗಿಟ್ಟುಕೊಳ್ಳಿ.

ಪಿಸಿಸಿ ಮತ್ತು ವೈದ್ಯಕೀಯ ತಪಾಸಣೆ ಎರಡಕ್ಕೂ ಸಾಮಾನ್ಯವಾಗಿ 12 ತಿಂಗಳ ಮಾನ್ಯತೆ. ಕಾಯುವಿಕೆ ಅದನ್ನು ಮೀರಿದರೆ ಮತ್ತೆ ಮಾಡಿಸಬೇಕೇ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ನನ್ನ ಅಭಿಪ್ರಾಯ ಇದು: ಪಿಸಿಸಿಯ ಖರ್ಚು ಕಡಿಮೆ, ಅವಧಿ ಮುಗಿಯುವ ಹೊತ್ತಿಗೆ ನಿಮ್ಮ ಸಾಲಿನ ಕಡತಗಳು ಚಲಿಸುತ್ತಿರುವಂತೆ ಕಂಡರೆ ಹೊಸದು ಮಾಡಿಸಿ ಸೇರಿಸಿಬಿಡಿ. ವೈದ್ಯಕೀಯ ತಪಾಸಣೆಗೆ ಇಲಾಖೆ ಕೊಡುವ ಎಚ್‌ಎಪಿ ಸಂಖ್ಯೆ ಬೇಕು, ಅವರು ಗೊತ್ತುಪಡಿಸಿದ ವೈದ್ಯರ ಬಳಿಯೇ ಆಗಬೇಕು, ಕುಟುಂಬಕ್ಕೆಲ್ಲ ಸೇರಿ ಖರ್ಚೂ ಗಣನೀಯ. ಆದ್ದರಿಂದ ಕೇಳುವವರೆಗೆ ಕಾಯಿರಿ. ಇನ್ನೊಂದು ಸೂಕ್ಷ್ಮವಿದೆ. ಭಾರತದಲ್ಲಿದ್ದು ಗ್ರ್ಯಾಂಟ್ ಪಡೆದವರಿಗೆ ಮೊದಲ ಪ್ರವೇಶಕ್ಕೆ ಕೊಡುವ ಕೊನೆಯ ದಿನಾಂಕ ಸಾಮಾನ್ಯವಾಗಿ ಈ ಎರಡರಲ್ಲಿ ಯಾವುದರ ಅವಧಿ ಮೊದಲು ಮುಗಿಯುತ್ತದೆಯೋ ಅದನ್ನು ಅನುಸರಿಸುತ್ತದೆ. ಸಜ್ಜಾಗಿರೋಣವೆಂದು ತೀರ ಮೊದಲೇ ತಪಾಸಣೆ ಮುಗಿಸಿದವರು, ಗ್ರ್ಯಾಂಟ್ ಬಂದ ಮೇಲೆ ಕೆಲವೇ ವಾರಗಳಲ್ಲಿ ವಿಮಾನ ಹತ್ತಬೇಕಾದ ಪೇಚಿಗೆ ಸಿಕ್ಕಿದ್ದುಂಟು.

ಫಾರ್ಮ್ 80ರ ಬಗ್ಗೆ ಒಂದು ಮಾತು. ಹಿಂದಿನ ವಾಸ, ಓದು, ಉದ್ಯೋಗ, ಪ್ರಯಾಣಗಳನ್ನೆಲ್ಲ ಕೇಳುವ ಈ ಉದ್ದನೆಯ ನಮೂನೆಯಲ್ಲಿ ಖಾಲಿ ತಿಂಗಳುಗಳು ಇರಬಾರದು. ಎಂಜಿನಿಯರಿಂಗ್ ಕೊನೆಯ ಪರೀಕ್ಷೆ ಮುಗಿದು ಮೊದಲ ಕೆಲಸ ಸಿಗುವವರೆಗಿನ ಏಳು ತಿಂಗಳು ಊರಿನಲ್ಲಿ ಸುಮ್ಮನಿದ್ದಿರಿ ಎಂದಾದರೆ ಹಾಗೆಂದೇ ಬರೆಯಿರಿ. ನಿರುದ್ಯೋಗ ತಪ್ಪಲ್ಲ, ಆದರೆ ಬರೆಯದೆ ಬಿಟ್ಟ ಏಳು ತಿಂಗಳು ಪ್ರಶ್ನೆಯನ್ನು ಹುಟ್ಟಿಸುತ್ತದೆ. ಯಾವ ಕಾರಣಕ್ಕೂ ಸುಳ್ಳು ದಾಖಲೆಯಿಂದ ಅಂತರ ತುಂಬಲು ಹೋಗಬೇಡಿ. 4020 ಎಂದು ಕರೆಯುವ ಮಾನದಂಡದ ಕೆಳಗೆ ಅರ್ಜಿ ತಿರಸ್ಕೃತವಾದರೆ ಮೂರು ವರ್ಷ ಬೇರೆ ವೀಸಾಗಳಿಗೂ ತಡೆ ಬೀಳುತ್ತದೆ, ಗುರುತಿನ ವಿಷಯದಲ್ಲಿ ವಂಚನೆಯಾದರೆ ಹತ್ತು ವರ್ಷ.

ಕಾಯುವಾಗ ಬದುಕು ಬದಲಾದರೆ

ಒಂದೂವರೆ ವರ್ಷ ಕಾಯುವ ಮನೆಯಲ್ಲಿ ಮದುವೆ, ಹೆರಿಗೆ, ಕೆಲಸದ ಬದಲಾವಣೆ, ಪಾಸ್‌ಪೋರ್ಟ್ ನವೀಕರಣ ಏನಾದರೊಂದು ನಡೆದೇ ನಡೆಯುತ್ತದೆ. ಇವೆಲ್ಲವನ್ನೂ ಇಮ್ಮಿಅಕೌಂಟಿನ ‘ಅಪ್‌ಡೇಟ್ ಅಸ್’ ಭಾಗದಲ್ಲಿ ತಿಳಿಸುವುದು ಕಾನೂನಿನ ಕರ್ತವ್ಯ. ಬದಲಾದ ಪರಿಸ್ಥಿತಿಗೂ ಮೊದಲು ಕೊಟ್ಟ ತಪ್ಪು ಉತ್ತರದ ತಿದ್ದುಪಡಿಗೂ ಅಲ್ಲಿ ಬೇರೆ ಬೇರೆ ನಮೂನೆಗಳಿವೆ, ಎರಡನ್ನೂ ಬೆರೆಸಬೇಡಿ. ಅರ್ಜಿ ಹಾಕಿದ ಮೇಲೆ, ತೀರ್ಮಾನಕ್ಕೆ ಮೊದಲು ಮಗು ಹುಟ್ಟಿದರೆ ಜನನ ಪ್ರಮಾಣಪತ್ರ ಮತ್ತು ಮಗುವಿನ ಪಾಸ್‌ಪೋರ್ಟ್ ಕೊಟ್ಟು ಅರ್ಜಿಗೆ ಸೇರಿಸಬಹುದು, ಅದಕ್ಕೆ ಹೆಚ್ಚುವರಿ ವೀಸಾ ಶುಲ್ಕವಿಲ್ಲ. ಗರ್ಭಿಣಿಯಾಗಿರುವಾಗ ಎಕ್ಸ್-ರೇ ತಪಾಸಣೆಯನ್ನು ಹೆರಿಗೆಯವರೆಗೆ ಮುಂದೂಡಲು ಕೇಳಿಕೊಳ್ಳಬಹುದು. ಆಗ ತಡವಾಗುವುದು ನಿಜ, ಆದರೆ ಅದು ಸಕಾರಣವಾದ ತಡ. 189, 190ರಂಥ ಕಾಯಂ ವೀಸಾಗಳಲ್ಲಿ ತೀರ್ಮಾನಕ್ಕೆ ಮೊದಲು ಮದುವೆಯಾದರೆ ಫಾರ್ಮ್ 1436 ಮತ್ತು ಶುಲ್ಕದೊಂದಿಗೆ ಪತ್ನಿಯನ್ನೋ ಪತಿಯನ್ನೋ ಸೇರಿಸಲು ಅವಕಾಶವಿದೆ. ‘ಸೇರಿಸಿದರೆ ಇನ್ನೂ ತಡವಾದೀತು’ ಎಂದು ಮದುವೆಯನ್ನೇ ಮುಚ್ಚಿಟ್ಟರೆ ಉಳಿಯುವುದು ಕೆಲವು ತಿಂಗಳು, ಅಪಾಯಕ್ಕೆ ಒಡ್ಡುವುದು ಇಡೀ ವೀಸಾ.

ಪಾಸ್‌ಪೋರ್ಟ್ ಬದಲಾದರೆ ಹೊಸ ಸಂಖ್ಯೆಯನ್ನು ತಕ್ಷಣ ತಿಳಿಸಿ, ಏಕೆಂದರೆ ಈ ವೀಸಾ ಕಾಗದದ ಮೇಲಿರದೆ ಪಾಸ್‌ಪೋರ್ಟ್ ಸಂಖ್ಯೆಗೆ ವಿದ್ಯುನ್ಮಾನವಾಗಿ ಜೋಡಣೆಯಾಗಿರುತ್ತದೆ. ಕೆಲಸ ಬದಲಿಸಲು ಹೆದರಬೇಕಿಲ್ಲ. ಅಂಕಗಳು ಆಹ್ವಾನದ ದಿನಕ್ಕೇ ನಿಂತಿವೆ. ಗ್ರ್ಯಾಂಟ್ ಪತ್ರ ಕೈಗೆ ಬರುವ ಮೊದಲು ರಾಜೀನಾಮೆ ಕೊಡುವುದು, ಮನೆ ಅಥವಾ ಸೈಟು ಮಾರುವುದು, ಮಗುವಿನ ಟಿಸಿ ತೆಗೆಸುವುದು ಮಾತ್ರ ಬೇಡ. ಬಡ್ತಿ ಬಂದರೆ ಒಪ್ಪಿಕೊಳ್ಳಿ, ಬಾಡಿಗೆ ಕರಾರನ್ನು ನವೀಕರಿಸಿ, ಶಾಲಾ ಶುಲ್ಕ ಕಟ್ಟಿ.

ಆಸ್ಟ್ರೇಲಿಯಾದಲ್ಲೇ ಇದ್ದು ಅರ್ಜಿ ಹಾಕಿದವರಿಗೆ ಬೇರೊಂದು ಚಿಂತೆ. ಅವರಿಗೆ ಬ್ರಿಡ್ಜಿಂಗ್ ವೀಸಾ ಎ ಸಿಗುತ್ತದೆ, ಈಗಿರುವ ವೀಸಾ ಮುಗಿದ ದಿನ ಅದು ಜಾರಿಗೆ ಬರುತ್ತದೆ. ಅದರ ಮೇಲಿರುವಾಗ ಊರಿನ ಮದುವೆಗೋ ತಂದೆತಾಯಿಯ ಅನಾರೋಗ್ಯಕ್ಕೋ ಹಾಗೆಯೇ ಹೊರಟುಬಿಟ್ಟರೆ ಮರಳಿ ಬರುವ ಹಕ್ಕಿರುವುದಿಲ್ಲ. ಹೊರಡುವ ಮೊದಲು ಬ್ರಿಡ್ಜಿಂಗ್ ವೀಸಾ ಬಿ ಪಡೆಯಬೇಕು. ಮನೆಯಲ್ಲಿ ಹಿರಿಯರ ಆರೋಗ್ಯ ಸೂಕ್ಷ್ಮವಾಗಿದ್ದರೆ ಅದಕ್ಕೆ ಬೇಕಾದ ಕಾಗದಪತ್ರಗಳನ್ನು ಮೊದಲೇ ಜೋಡಿಸಿಟ್ಟುಕೊಳ್ಳುವುದು ವಿವೇಕ.

ಪ್ರಕಟಿತ ಅವಧಿ ದಾಟಿದ ಮೇಲೆ ಬರೆಯುವುದು ಹೇಗೆ

ಪ್ರಕಟಿತ ಅವಧಿ ಮೀರಿದ ನಂತರ ಇಲಾಖೆಗೆ ಬರೆಯುವುದು ತಪ್ಪಲ್ಲ, ಆದರೆ ವಾರಕ್ಕೊಂದು ಪತ್ರ ಬರೆದರೆ ಯಾವುದನ್ನೂ ಓದುವುದಿಲ್ಲ. ಒಂದೇ ಪುಟದಲ್ಲಿ, ಅರ್ಜಿಯ ಗುರುತಿನ ಸಂಖ್ಯೆ, ಸಲ್ಲಿಸಿದ ದಿನಾಂಕ, ಪ್ರಕಟಿತ ಅವಧಿ ಎಂದಿಗೆ ಮೀರಿತು, ಕೇಳಿದ ದಾಖಲೆಗಳನ್ನು ಎಂದು ಕೊಟ್ಟಿರಿ, ಯಾವ ದಾಖಲೆಯ ಅವಧಿ ಎಂದು ಮುಗಿಯುತ್ತದೆ ಎಂಬುದನ್ನು ಬರೆಯಿರಿ. ನಿರ್ದಿಷ್ಟವಾದ ಕಷ್ಟವಿದ್ದರೆ ಅದನ್ನು ದಾಖಲೆಯೊಂದಿಗೆ ಹೇಳಿ. ‘ತುಂಬಾ ಒತ್ತಡದಲ್ಲಿದ್ದೇನೆ’ ಎಂಬ ಸಾಲಿಗೆ ತೂಕವಿಲ್ಲ. ‘ಉದ್ಯೋಗದಾತರು ಈ ದಿನಾಂಕದವರೆಗೆ ಮಾತ್ರ ಕೆಲಸ ಕಾಯ್ದಿರಿಸಿದ್ದಾರೆ, ಪತ್ರ ಲಗತ್ತಿಸಿದೆ’ ಎಂಬ ಸಾಲಿಗೆ ಇದೆ. ವೀಸಾ ಕೊಡಿ ಎಂದು ಕೇಳದೆ, ಕಡತದಲ್ಲಿ ಬಾಕಿ ಇರುವುದೇನು ಎಂದು ಕೇಳಿ.

ಅದಕ್ಕೂ ಉತ್ತರ ಬಾರದಿದ್ದರೆ ಇಲಾಖೆಯ ದೂರು ಮತ್ತು ಸಲಹೆಗಳ ವಿಭಾಗಕ್ಕೆ ಅಧಿಕೃತ ದೂರು ಸಲ್ಲಿಸಬೇಕು. ಅಲ್ಲಿಯೂ ತೃಪ್ತಿಯಾಗದಿದ್ದರೆ ಸರ್ಕಾರಿ ಇಲಾಖೆಗಳ ಮೇಲಿನ ದೂರುಗಳನ್ನು ವಿಚಾರಿಸುವ ಕಾಮನ್‌ವೆಲ್ತ್ ಒಂಬುಡ್ಸ್‌ಮನ್ ಕಚೇರಿ ಇದೆ. ಅದು ಉಚಿತ, ಆದರೆ ಮೊದಲು ಇಲಾಖೆಗೆ ದೂರು ಕೊಟ್ಟಿದ್ದೀರಾ ಎಂದು ಕೇಳುತ್ತದೆ, ವೀಸಾ ಕೊಡಿಸುವ ಅಧಿಕಾರವೂ ಅದಕ್ಕಿಲ್ಲ; ಅಸಮಂಜಸವಾದ ತಡವಿದೆಯೇ ಎಂದು ವಿಚಾರಿಸಬಲ್ಲದು, ಅಷ್ಟೇ. ಆಸ್ಟ್ರೇಲಿಯಾದಲ್ಲೇ ಇರುವವರು ತಮ್ಮ ಕ್ಷೇತ್ರದ ಸಂಸದರ ಕಚೇರಿಗೂ ಹೋಗಬಹುದು. ಅಲ್ಲಿನ ಸಂಸದರ ಕಚೇರಿಗಳು ಇಂಥ ವಿಚಾರಣೆಗಳನ್ನು ನಿತ್ಯದ ಕೆಲಸವೆಂದೇ ಮಾಡುತ್ತವೆ. ಇದನ್ನು ನಮ್ಮಲ್ಲಿಯ ಶಿಫಾರಸು ಪತ್ರದಂತೆ ಭಾವಿಸಬೇಕಾಗಿಲ್ಲ. 1982ರ ಮಾಹಿತಿ ಸ್ವಾತಂತ್ರ್ಯ ಕಾಯ್ದೆಯ ಕೆಳಗೆ ನಿಮ್ಮ ಕಡತದ ಪ್ರತಿಯನ್ನೂ ಕೇಳಬಹುದು. ಸರತಿಯಲ್ಲಿ ಎಷ್ಟನೆಯವರೆಂದು ತಿಳಿಯಲು ಅದು ಉಪಯೋಗವಿಲ್ಲ, ಕಡತದಲ್ಲಿ ಪ್ರತಿಕೂಲವಾದದ್ದೇನಾದರೂ ಇದೆಯೇ ಎಂಬ ಅನುಮಾನವಿದ್ದರೆ ಉಪಯೋಗವಿದೆ. ತೀರ್ಮಾನ ಕೊಡುವಂತೆ ಆದೇಶಿಸಲು ನ್ಯಾಯಾಲಯವನ್ನು ಕೋರುವ ದಾರಿಯೂ ಉಂಟು, ಆದರೆ ಅದು ದುಬಾರಿ, ವಕೀಲರಿಲ್ಲದೆ ಹಿಡಿಯುವ ದಾರಿಯಲ್ಲ, ಮತ್ತು ಆದೇಶ ಸಿಕ್ಕರೂ ಅದು ‘ತೀರ್ಮಾನಿಸಿ’ ಎಂದೀತೇ ಹೊರತು ‘ವೀಸಾ ಕೊಡಿ’ ಎನ್ನದು.

ಏಜೆಂಟರ ವಿಷಯದಲ್ಲಿ ಕಟುವಾಗಿಯೇ ಹೇಳಬೇಕು. ‘ಒಳಗೆ ನಮ್ಮವರಿದ್ದಾರೆ, ಕಡತ ಮುಂದೆ ತಳ್ಳಿಸುತ್ತೇವೆ’ ಎಂದು ಹಣ ಕೇಳುವವರು ಸುಳ್ಳು ಹೇಳುತ್ತಿದ್ದಾರೆ. ಆಸ್ಟ್ರೇಲಿಯಾದೊಳಗೆ ವಲಸೆ ಸಲಹೆ ನೀಡುವ ಏಜೆಂಟರು ವಲಸೆ ಏಜೆಂಟರ ನೋಂದಣಿ ಕಚೇರಿಯಾದ ಒಮಾರಾದಲ್ಲಿ ನೋಂದಾಯಿಸಿರಬೇಕು, ಅವರ ಏಳು ಅಂಕಿಯ ನೋಂದಣಿ ಸಂಖ್ಯೆಯನ್ನು ಯಾರು ಬೇಕಾದರೂ ಉಚಿತವಾಗಿ ಪರಿಶೀಲಿಸಬಹುದು. ಭಾರತದಲ್ಲಿ ಕುಳಿತು ವ್ಯವಹರಿಸುವ ಸಂಸ್ಥೆಗಳಿಗೆ ಆ ಕಟ್ಟುಪಾಡಿಲ್ಲ. ಇದಕ್ಕಿಂತ ಹೆಚ್ಚು ಹಾನಿ ಮಾಡುವ ಸಂಗತಿ ಇನ್ನೊಂದಿದೆ. ಕೆಲವು ಸಂಸ್ಥೆಗಳು ತಮ್ಮದೇ ಇಮೇಲ್ ವಿಳಾಸದಿಂದ ಅರ್ಜಿ ಹಾಕಿ, ಅರ್ಜಿದಾರರಿಗೆ ಒಳಗೆ ನೋಡಲು ದಾರಿಯನ್ನೇ ಕೊಡುವುದಿಲ್ಲ. ಅಧಿಕಾರಿ ದಾಖಲೆ ಕೇಳಿ ಬರೆದ ಪತ್ರ ಸಂಸ್ಥೆಯ ಇನ್‌ಬಾಕ್ಸಿನಲ್ಲೇ ಉಳಿದು 28 ದಿನ ಕಳೆದುಹೋದರೆ, ಕೈಯಲ್ಲಿರುವ ಮಾಹಿತಿಯ ಮೇಲೆಯೇ ತೀರ್ಮಾನಿಸುವ ಅಧಿಕಾರ ಆ ಅಧಿಕಾರಿಗಿದೆ. ನಿಮ್ಮದೇ ಹೆಸರಿನಲ್ಲಿ ಒಂದು ಇಮ್ಮಿಅಕೌಂಟ್ ತೆರೆದು, ಸಂಸ್ಥೆಯಿಂದ ಅರ್ಜಿಯ ಗುರುತಿನ ಸಂಖ್ಯೆಯಾದ ಟಿಆರ್‌ಎನ್ ಪಡೆದು, ಅರ್ಜಿಯನ್ನು ನಿಮ್ಮ ಖಾತೆಗೆ ‘ಇಂಪೋರ್ಟ್’ ಮಾಡಿಕೊಳ್ಳಿ. ಟಿಆರ್‌ಎನ್ ಕೊಡಲು ನಿರಾಕರಿಸುವ ಸಂಸ್ಥೆಯೊಂದಿಗೆ ಮುಂದುವರಿಯಬೇಕೇ ಎಂದು ಅಂದೇ ಯೋಚಿಸಿ.

ಬೇಸತ್ತು ಅರ್ಜಿ ಹಿಂತೆಗೆದುಕೊಳ್ಳುವ ಮೊದಲು ಶುಲ್ಕ ಮರಳುವುದಿಲ್ಲ ಎಂಬುದನ್ನು ನೆನಪಿಡಿ. ಶುಲ್ಕ ಬಹುತೇಕ ಪ್ರತಿ ಜುಲೈಯಲ್ಲೂ ಏರುವುದರಿಂದ ಮತ್ತೆ ಹಾಕುವಾಗ ಇನ್ನೂ ಹೆಚ್ಚು ಕಟ್ಟಬೇಕಾಗುತ್ತದೆ, ವಯಸ್ಸೂ ಹೊಸದಾಗಿ ಲೆಕ್ಕಕ್ಕೆ ಬರುತ್ತದೆ. ಎರಡು ಅರ್ಜಿಗಳು ಏಕಕಾಲಕ್ಕೆ ಬಾಕಿ ಇರುವವರು ಮಾತ್ರ ಒಂದಕ್ಕೆ ಗ್ರ್ಯಾಂಟ್ ಬಂದ ಕೂಡಲೇ ಇನ್ನೊಂದನ್ನು ಹಿಂತೆಗೆದುಕೊಳ್ಳುವ ಬಗ್ಗೆ ಬರೆಯಬೇಕು. 189 ಸಿಕ್ಕ ನಂತರ ಗಮನಿಸದೆ 491 ಕೂಡ ಮಂಜೂರಾದರೆ, ನಂತರ ಬಂದ ತಾತ್ಕಾಲಿಕ ವೀಸಾ ಮೊದಲಿನ ಕಾಯಂ ವೀಸಾವನ್ನು ಕೊನೆಗೊಳಿಸುತ್ತದೆ.

ಗ್ರ್ಯಾಂಟ್ ಪತ್ರ ಬಂದ ದಿನ ಎಲ್ಲರಿಗೂ ಫೋನ್ ಮಾಡುವ ಮೊದಲು ಪತ್ರದಲ್ಲಿ ಪ್ರತಿಯೊಬ್ಬರ ಹೆಸರಿನ ಅಕ್ಷರ, ಹುಟ್ಟಿದ ದಿನಾಂಕ ಮತ್ತು ಪಾಸ್‌ಪೋರ್ಟ್ ಸಂಖ್ಯೆಯನ್ನು ಪಾಸ್‌ಪೋರ್ಟ್ ಮುಂದಿಟ್ಟುಕೊಂಡು ತಾಳೆ ನೋಡಿ, ವೀಸಾ ವಿವರ ಪರಿಶೀಲಿಸಲು ಇಲಾಖೆ ನಡೆಸುವ ವೀವೋ ಜಾಲತಾಣದಲ್ಲೂ ಅದೇ ವಿವರ ಬರುತ್ತದೆಯೇ ಎಂದು ಪರೀಕ್ಷಿಸಿ, ಮೊದಲ ಪ್ರವೇಶದ ಕೊನೆಯ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.